ನಾಲ್ಕನೇ ಮನೆಯ ಯಜಮಾನ

ಆ ದಿನ ಬೆಳಿಗ್ಗೆ ಚಳ್ಳಕೆರೆಯ ಮೇಲೆ ಮಂಜು ಇಳಿದಿತ್ತು. ಮಳೆಯೇ ದೂರದ ನೆಂಟನಂತೆ ಬಂದು, ಕಾಲು ತೊಳೆದು, ಕೂರದೆ ಹೋಗುವ ಸೀಮೆ ಇದು. ಮಂಜು ಅಂದರೆ ಜನ ಅದನ್ನು ಹೊಗೆ ಅಂದುಕೊಳ್ಳುವುದೇ ಹೆಚ್ಚು. ಎಣ್ಣೆ ಗಿರಣಿಯ ಕಾವಲುಗಾರ ಎಲ್ಲೋ ಬೆಂಕಿ ಬಿದ್ದಿದೆಯೆಂದು ಎರಡು ಸಲ ಎದ್ದು ಸುತ್ತಿ ಬಂದ. ಉಳ್ಳಾರ್ತಿ ಕಾವಲಿನ ಹುಲ್ಲಿನ ಮೇಲಿಂದ ಬೀಸಿದ ಚಳಿ ಕಂಬಳಿಯನ್ನೂ ದಾಟಿ ಮೂಳೆಯ ಯೋಗಕ್ಷೇಮ ವಿಚಾರಿಸುತ್ತಿತ್ತು. ಎದುರಿಗೆ ಬಂದವರನ್ನು ಕೆಮ್ಮಿನಿಂದಲೇ ಗುರುತು ಹಿಡಿಯಬೇಕು. ಹತ್ತು ಗಂಟೆಯಾದರೂ ಚದುರದ ಆ ಮಂಜಿನೊಳಗಿಂದ ಅಂಚೆಯವನು ಕೈ ಮಾತ್ರ ಚಾಚಿ, ಕಂಬಳಿ ಸೊಸೈಟಿಯ ಓಬಳೇಶನಿಗೆ ಅಮೆರಿಕದ ಲಕೋಟೆಯೊಂದನ್ನು ಕೊಟ್ಟು ಹೋದ.

ಓಬಳೇಶನಿಗೆ ಆಗ ನಲವತ್ತೊಂದು. ಸೊಸೈಟಿಗೆ ಬಂದ ಕಂಬಳಿಗಳ ಉದ್ದಗಲ ಅಳೆದು ಮೂಲೆಗೆ ಮುದ್ರೆ ಒತ್ತುವುದು ಅವನ ಕೆಲಸ. ಮೂವತ್ತೊಂಬತ್ತರವರೆಗೂ ಮದುವೆಯಿಲ್ಲದೆ, ಊರಾಚೆಯ ಹಟ್ಟಿಯಲ್ಲಿ ಅಣ್ಣ ಮಾರಯ್ಯನ ಮನೆಯಲ್ಲಿದ್ದ. ಅಣ್ಣನ ರೇಷನ್ ಕಾರ್ಡಿನಲ್ಲಿ ಅವನು ಆರನೆಯವನು. ಅಣ್ಣ, ಅತ್ತಿಗೆ ದುರುಗಕ್ಕ, ಅವರ ಮೂರು ಮಕ್ಕಳು, ಆಮೇಲೆ ಓಬಳೇಶ. ಹುಟ್ಟಿದ ಮಕ್ಕಳೆಲ್ಲ ಅವನನ್ನು ಒಂದೊಂದು ಮೆಟ್ಟಿಲು ಕೆಳಗಿಳಿಸಿದ್ದರು.

ಅಂಥವನಿಗೂ ಬೆಟ್ಟದ ಮೇಲಿನ ದೇವರು ಜಟಿಂಗ ರಾಮೇಶ್ವರ ಒಂದು ದಾರಿ ತೆಗೆದಿಟ್ಟಿದ್ದ. ಒಂದು ಸೋಮವಾರ ಬೆಟ್ಟ ಹತ್ತುವಾಗ ಮೊಳಕಾಲ್ಮೂರಿನ ಪಾಪಕ್ಕ ಎಂಬ ಮುದುಕಿ ಅರ್ಧ ದಾರಿಯ ಮೆಟ್ಟಿಲಲ್ಲಿ ಮಗಳ ಜತೆ ಏದುಸಿರು ಬಿಡುತ್ತ ಕುಳಿತಿದ್ದಳು. ಓಬಳೇಶ ತನ್ನ ಕಂಬಳಿ ಹಾಸಿ ಕೂರಿಸಿ, ನೀರು ಕುಡಿಸಿ, ಆಕೆಯ ತೆಂಗಿನಕಾಯಿಯನ್ನು ತಾನೇ ಹೊತ್ತು ಮೇಲಕ್ಕೆ ಹೋಗಿ ಒಡೆಸಿಕೊಂಡು ಬಂದ. ಮಾತಾಡುತ್ತ ದೂರದ ಸಂಬಂಧವೂ ಹೊರಬಿತ್ತು. ಪಾಪಕ್ಕ ಮಗಳ ಕಡೆ ತಿರುಗಿ, "ಇವನೇ ಸಾಕು ಕಣೇ," ಅಂದಳು. ಮಗಳು ಶಾಂತಕುಮಾರಿ ಹನ್ನೊಂದು ವರ್ಷದ ಹಿಂದೆ ನರ್ಸಾಗಿ ಅಮೆರಿಕಕ್ಕೆ ಹೋದವಳು, ಅಲ್ಲಿಯ ಪ್ರಜೆಯೂ ಆದವಳು, ತಾಯಿಯನ್ನೂ ಅಲ್ಲಿಗೇ ಕರೆಸಿಕೊಂಡವಳು, ರಜೆಗೆ ಬಂದವಳು. ಅವಳೂ ಓಬಳೇಶನನ್ನು ಮೇಲಿಂದ ಕೆಳಗೆ ನೋಡಿ, "ಹೂಂ," ಅಂದಳು. ಮದುವೆಯಾಗಿ ಇಪ್ಪತ್ತಮೂರು ದಿನ ಇದ್ದು, ತಾಯಿ ಮಗಳು ವಾಪಸು ಹೊರಟರು. ಹೋಗಿ ಮುಟ್ಟಿದ ತಿಂಗಳಲ್ಲೇ ಗಂಡನನ್ನು ಕರೆಸಿಕೊಳ್ಳಲು ಅವಳು ಅರ್ಜಿ ಹಾಕಿದಳು. ಅರ್ಜಿ ಎರಡು ವರ್ಷ ನಡೆಯಿತು. ಓಬಳೇಶ ಕಾಯುತ್ತಿದ್ದ.

ಕಾಯುವವನು ಸುಮ್ಮನೆ ಕಾಯಬೇಕಿತ್ತು. ಓಬಳೇಶ ಸುಮ್ಮನಿರಲಿಲ್ಲ. ಬೇರೆ ರೇಷನ್ ಕಾರ್ಡಿಗೆ ಅರ್ಜಿ ಹಾಕಿದ. ಬೇರೆ ಕಾರ್ಡು ಬೇಕಾದರೆ ಬೇರೆ ಒಲೆ ಇರಬೇಕು. ಅಣ್ಣನ ಮನೆಯ ಪಕ್ಕದ ಕೋಣೆಯಲ್ಲಿ ಒಲೆ ಹೂಡಿದ. ಆ ಒಲೆ ಬೆಂಕಿ ಕಂಡದ್ದು ಒಂದೇ ದಿನ, ಇನ್‌ಸ್ಪೆಕ್ಟರು ನೋಡಲು ಬಂದ ದಿನ. ಊಟ ಎಂದಿನಂತೆ ಅತ್ತಿಗೆಯ ಕೈಯಲ್ಲಿ. ಆದರೆ ಕಾರ್ಡು ಬಂತು. 'ಕುಟುಂಬದ ಯಜಮಾನರ ಹೆಸರು: ಓಬಳೇಶ್.' ಕೆಳಗೆ ಎರಡನೆಯದಾಗಿ, 'ಶಾಂತಕುಮಾರಿ, ಹೆಂಡತಿ.' ಅದನ್ನು ಲ್ಯಾಮಿನೇಷನ್ ಮಾಡಿಸಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ. ಬಸ್ಸಿನಲ್ಲಿ ಚಿಲ್ಲರೆ ಹುಡುಕುವ ನೆಪದಲ್ಲಿ ಹೊರಗೆ ತೆಗೆಯುತ್ತಿದ್ದ. ಈ ಲೋಕಕ್ಕೆಲ್ಲ ಯಜಮಾನನಾದವನು ಬೆಟ್ಟದ ಮೇಲೆ ಕಾರ್ಡಿಲ್ಲದೆ ಕುಳಿತಿರುವಾಗ ಮನುಷ್ಯನಿಗೆ ಮಾತ್ರ ಕಾರ್ಡು ಬೇಕು.

ಲಕೋಟೆಯಲ್ಲಿ ಇಂಗ್ಲಿಷ್ ಕಾಗದಗಳ ಕಟ್ಟೊಂದಿತ್ತು. ಮೇಲೆ ಶಾಂತಕುಮಾರಿಯ ಕನ್ನಡದ ಚೀಟಿ: 'ಮದ್ರಾಸಿನ ವೀಸಾ ಸಂದರ್ಶನಕ್ಕೆ ಇವನ್ನು ತಪ್ಪದೆ ಒಯ್ಯಿರಿ. ಇವು ನನ್ನ ತೆರಿಗೆ ಕಾಗದ.' ಸಂದರ್ಶನಕ್ಕೆ ಹತ್ತು ದಿನ ಉಳಿದಿತ್ತು. ಆಯಿತೆಂದರೆ ಹೆಂಡತಿ, ಇಲ್ಲವೆಂದರೆ ಮತ್ತೆ ಕಂಬಳಿ. ಓಬಳೇಶ ಕಟ್ಟನ್ನು ಎದೆಗವಚಿಕೊಂಡು ಕಾಮಣ್ಣನ ಆಫೀಸಿಗೆ ಹೋದ.

ಕಾಮಣ್ಣ ಮೂವತ್ತು ವರ್ಷದಿಂದ ಎಣ್ಣೆ ಗಿರಣಿಗಳ ತೆರಿಗೆ ಲೆಕ್ಕ ಬರೆಯುವವನು. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿಲ್ಲದ ಪದವಿಲ್ಲವೆಂದು ಊರು ನಂಬಿತ್ತು. ಅವನೂ ನಂಬಿದ್ದ. ಕನ್ನಡಕ ಏರಿಸಿ ಮೊದಲ ಹಾಳೆಯ ಮೇಲೆ ಬೆರಳಿಟ್ಟ.

"ಇಲ್ಲಿ ಐದು ಮನೆ ಐತೆ ನೋಡು," ಅಂದ. ನಾಲ್ಕು ಗೆರೆ ಎಳೆದ ಚೌಕ ಯಾವುದಾದರೂ ನಮ್ಮ ಕಡೆ ಅದು ಮನೆಯೇ, ಚೌಕಾಬಾರದ್ದಾಗಲಿ ಸರ್ಕಾರದ್ದಾಗಲಿ. "ಲೆಕ್ಕ ಕೊಡೋರು ಎಂಥೋರು ಅಂತ ಒಂದು ಮನೆಗೆ ಗುರುತು ಹಾಕಬೇಕು. ಒಂದನೇದು ಒಂಟಿ. ಎರಡನೇದು, ಮದುವೆಯಾಗಿ ಗಂಡ ಹೆಂಡ್ತಿ ಜಂಟಿಯಾಗಿ ಕೊಡೋರು. ಮೂರನೇದು, ಮದುವೆಯಾಗಿ ಬೇರೆ ಬೇರೆ ಕೊಡೋರು. ನಾಲ್ಕನೇದು ಮನೆ ಯಜಮಾನ. ಐದನೇದು ವಿಧವೆ."

"ನಮ್ಮಾಕಿ ಯಾವುದಕ್ಕೆ ಹಾಕ್ಯಾಳೆ?"

"ನಾಲ್ಕನೇ ಮನೆಗೆ. ಯಜಮಾನ."

ಓಬಳೇಶನ ಮುಖ ಅರಳಿತು. ಗಂಡನ ಹೆಸರು ಹೇಳದೆ 'ಯಜಮಾನ್ರು ಪ್ಯಾಟೆಗೆ ಹೋಗವ್ರೆ' ಅನ್ನುವ ಹೆಂಗಸರ ನಡುವೆ ಬೆಳೆದವನು ಅವನು. "ನೋಡಿದ್ರಾ ಕಾಮಣ್ಣೋರೆ. ಹದಿಮೂರು ವರ್ಷ ಅಲ್ಲಿದ್ರೂ ಮರ್ಯಾದೆ ಬಿಟ್ಟಿಲ್ಲ. ಹೆಸರು ಬರೀದೆ ಯಜಮಾನ್ರು ಅಂತ ಗುರುತು ಹಾಕ್ಯಾಳೆ," ಅಂದವನು ಪಕ್ಕದ ಟೀ ಅಂಗಡಿಗೆ ಕೂಗಿದ. "ಕ್ಯಾತಣ್ಣಾ, ಎರಡು ಟೀ ತಾರಪ್ಪ. ಜತೆಗೆ ಖಾರ ಮಂಡಕ್ಕಿ."

ಟೀ ಮುಗಿಯುವವರೆಗೆ ಕಕ್ಷಿಗಾರನಿಗೆ ಸತ್ಯ ಹೇಳಬಾರದೆಂಬುದು ಕಾಮಣ್ಣನ ಮೂವತ್ತು ವರ್ಷದ ಅನುಭವ. ಮಂಡಕ್ಕಿಯೂ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಕೇಳಿದ.

"ಲೇ ಓಬಳೇಸ, ಈ ಕಾಗದದ ಮೇಲೆ ಹೆಸರು ಯಾರದ್ದೈತೆ?"

"ಆಕೇದು."

"ಸಂಪಾದನೆ ಯಾರದ್ದು?"

"ಆಕೇದೇ."

"ಹಂಗಾರೆ ಯಜಮಾನ ಯಾರು?"

ಓಬಳೇಶ ಖಾಲಿ ಲೋಟ ನೋಡಿದ.

"ಮದುವೆಯಾದೋರಿಗೆ ಎರಡು ಮನೆ ಬಿಟ್ಟವ್ರೆ. ಜಂಟಿ ಒಂದು, ಬೇರೆ ಬೇರೆ ಒಂದು. ಎರಡಕ್ಕೂ ಹಾಕಿಲ್ಲ," ಅಂದು ಕಾಮಣ್ಣ ಇನ್ನೊಂದು ಹಾಳೆ ತಿರುವಿದ. "ಮದುವೆಗೆ ಹಿಂದಿನ ವರ್ಷದ ಕಾಗದ ಇದು. ಇಲ್ಲೂ ನಾಲ್ಕನೇ ಮನೆಯೇ. ಅಂದ್ರೆ ನಿನ್ನ ಮದುವೆಯಿಂದ ಅಮೆರಿಕಕ್ಕೆ ಏನೂ ಆಗಿಲ್ಲ. ಐದನೇ ಮನೆಗೆ ಹಾಕಿಲ್ಲ ಅನ್ನೋದೇ ನಿನ್ನ ಪುಣ್ಯ."

ಅಷ್ಟಕ್ಕೆ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಿಳಿದವನು ತಿಳಿದಷ್ಟಕ್ಕೆ ನಿಲ್ಲಿಸಿದ್ದನ್ನು ಯಾವ ಊರೂ ಕಂಡಿಲ್ಲ. ಕಾಮಣ್ಣ ಓಬಳೇಶನ ಒಳಜೇಬಿನ ಕಡೆ ಬೆರಳು ತೋರಿಸಿದ.

"ನಿನ್ನ ಕಾರ್ಡಿನಾಗೆ ಯಜಮಾನ ನೀನು. ಆಕಿ ಕಾಗದದಾಗೆ ಯಜಮಾನ ಆಕಿ. ಒಂದು ಸಂಸಾರ, ಇಬ್ರು ಯಜಮಾನರು. ಇದ್ರಾಗೆ ಸುಳ್ಳು ಯಾವುದಪ್ಪಾ ಅಂತ ಮದ್ರಾಸಿನ ಸಾಹೇಬ ಕೇಳಿದ್ರೆ ಏನಂತೀಯ?"

"ಕಾರ್ಡು ತೋರಿಸೋದೇ ಬ್ಯಾಡ ಬಿಡ್ರಿ."

"ಅದ್ರ ಜೆರಾಕ್ಸು ಹೋದ ವರ್ಷವೇ ಅರ್ಜಿ ಜತೆ ಕಳಿಸೀಯ. ನಾನೇ ಸಹಿ ಹಾಕಿದ್ದೆ. ಅಮೆರಿಕದ ಕಾಗದ ತಿದ್ದಾಕೆ ನಮ್ಮಿಂದಾಗಲ್ಲ. ತಾಲ್ಲೂಕು ಆಫೀಸು ನಮ್ಮದೇ. ಹೋಗಿ ನಿನ್ನ ಯಜಮಾನಿಕೆ ತೆಗಿಸ್ಕೊಂಡು ಬಾ."

ಲೋಟ ಎತ್ತಿಕೊಳ್ಳಲು ಬಂದಿದ್ದ ಕ್ಯಾತಣ್ಣನ ಕಿವಿಗೆ ಇದರಲ್ಲಿ ಬಿದ್ದದ್ದು ಮೂರೇ ಮಾತು. ಅಮೆರಿಕ, ಐದು ಮನೆ, ನಾಲ್ಕನೇ ಮನೆಗೆ ಆಕೆಯೇ ಯಜಮಾನಿ. ಕ್ಯಾತಣ್ಣ ಓಬಳೇಶನ ಹಟ್ಟಿಯವನೇ. ಸಂಜೆ ಓಬಳೇಶ ಹಟ್ಟಿ ಸೇರುವ ಹೊತ್ತಿಗೆ ಸುದ್ದಿ ಅವನಿಗಿಂತ ಒಂದು ಬಸ್ಸು ಮೊದಲೇ ಬಂದು ಜಗಲಿಯ ಮೇಲೆ ಕುಳಿತಿತ್ತು. ಮಾರಯ್ಯನ ಸುತ್ತ ಏಳೆಂಟು ಜನ.

"ಏನಲೇ ಓಬಳೇಸ, ಐದು ಮನೆ ಐತಂತೆ," ಅಂದ ಮಾರಯ್ಯ. "ಮದುವೆ ಮಾತುಕತೆಯಾಗ ಪಾಪಕ್ಕ ಒಂದೇ ಅಂದಿದ್ಳು."

"ಅದು ಮನೆ ಅಲ್ಲಣ್ಣ. ಕಾಗದದ ಮೇಲಿನ ಮನೆ."

"ಎಲ್ಲಾರ ಮನೆಯೂ ಕಾಗದದ ಮೇಲೇ ಇರೋದು. ಕಾಗದ ಇಲ್ಲದ ಮನೆ ಇಟ್ಕಂಡು ಏನ್ ಮಾಡ್ತೀಯ?"

ಓಬಳೇಶ ತಾಳ್ಮೆಯಿಂದ ಬಿಡಿಸಿ ಹೇಳಲು ಹೊರಟ. "ಒಂದನೇ ಮನೆ ಒಂಟಿ ಇರೋರಿಗೆ. ಐದನೇದು ವಿಧವೇರಿಗೆ."

"ವಿಧವೇರಿಗೂ ಒಂದು ಬಿಟ್ಟಾಳೆ ಅಂದ್ರೆ ಧರ್ಮಾತ್ಮಳು," ಅಂದ ಪಕ್ಕದ ಮನೆಯ ಮುದುಕ, ಕೈ ಮುಗಿದು.

"ಮೂರನೇದು ಬೇರೆ ಬೇರೆ ಇರೋರಿಗೆ."

"ಬೇರೆ ಹೋದೋರಿಗೂ ಒಂದಾ," ಅಂದಳು ದುರುಗಕ್ಕ ಒಳಗಿನಿಂದ. "ಅದನ್ನ ನೋಡೇ ನೀನೂ ಇಲ್ಲಿ ಬೇರೆ ಒಲೆ ಹೂಡಿದ್ದೇನೋ."

ಮರುದಿನದಿಂದ ನೆಂಟರು ಬರತೊಡಗಿದರು. ಒಬ್ಬ ತನ್ನ ಮಗನನ್ನು ಮೂರನೇ ಮನೆಯ ಕಾವಲಿಗೆ ಇಟ್ಟುಕೊಳ್ಳುವಂತೆ ಕೇಳಿದ. ರೊದ್ದದಿಂದ ಬಂದ ಒಬ್ಬ ತೆಲುಗಿನವನು ಬಾಡಿಗೆ ಎಷ್ಟೆಂದು ಕೇಳಿದ. ನಾಲ್ಕನೇ ಮನೆಯನ್ನೇ ಆಕೆ ಇಟ್ಟುಕೊಂಡದ್ದೇಕೆ ಎಂಬ ಚರ್ಚೆಗೆ ಕ್ಯಾತಣ್ಣನ ಅಂಗಡಿಯಲ್ಲಿ ಎರಡು ಡಬರಿ ಹಾಲು ಖರ್ಚಾಯಿತು. ಮೂಲೆ ಮನೆಯಿರಬೇಕೆಂದು ಕೊನೆಗೆ ತೀರ್ಮಾನವಾಯಿತು.

ಓಬಳೇಶ ತಾಲ್ಲೂಕು ಆಫೀಸಿನ ಆಹಾರ ಶಾಖೆಗೆ ಹೋದ. ಅಲ್ಲಿನ ಗುಮಾಸ್ತೆ ಸುಲೋಚನಮ್ಮ ಹೆಚ್ಚು ಮಾತಿನವಳಲ್ಲ. ಇಪ್ಪತ್ತೆರಡು ವರ್ಷ ಆ ಕಿಟಕಿಯಲ್ಲಿ ಕುಳಿತು, ಯಜಮಾನನಾಗಬೇಕೆಂದು ತಮ್ಮ ಅಣ್ಣನ ಮೇಲೆ, ಮಗ ಅಪ್ಪನ ಮೇಲೆ ಅರ್ಜಿ ಹಾಕುವುದನ್ನು ನೋಡಿದವಳು.

"ಯಾರ ಯಜಮಾನಿಕೆ ತೆಗೀಬೇಕು?"

"ನಂದೇ ಕಣ್ರಮ್ಮ."

ಸುಲೋಚನಮ್ಮ ಮೊದಲ ಸಲ ತಲೆ ಎತ್ತಿ ನೋಡಿದಳು.

"ತೆಗೆದು ಯಾರನ್ನ ಹಾಕಬೇಕು?"

"ಹೆಂಡ್ತಿನ."

"ಹೊಡದ್ಳಾ?"

"ಇಲ್ರಮ್ಮ. ಅಮೆರಿಕದಾಗವ್ಳೆ."

ಆಕೆ ಬಹಳ ಹೊತ್ತು ಹುಡುಕಿ ಒಂದು ನಮೂನೆ ತೆಗೆದಳು. "ಯಜಮಾನನ ಹೆಸರು ತೆಗೆಯಾಕೆ ಇದ್ರಾಗೆ ಮೂರೇ ಕಾರಣ ಐತೆ. ಮರಣ, ವಿಚ್ಛೇದನ, ವಲಸೆ. ಯಾವುದಕ್ಕೆ ಹಾಕ್ತೀರಿ?"

ಓಬಳೇಶ ಮೂರು ಮನೆಗಳನ್ನೂ ನೋಡಿದ. ಸಾಯಲು ಮನಸ್ಸಿರಲಿಲ್ಲ. ಎರಡನೆಯದನ್ನು ಓದಿದ ಕೂಡಲೇ ಕೈಯನ್ನೇ ಹಿಂದಕ್ಕೆಳೆದುಕೊಂಡ. ವಲಸೆ ಇನ್ನೂ ಆಗಿರಲಿಲ್ಲ, ಆಗದ್ದನ್ನು ಆಯಿತೆಂದು ಸರ್ಕಾರಕ್ಕೆ ಬರೆದುಕೊಟ್ಟರೆ ದೇವರು ಮೆಚ್ಚುತ್ತಾನೆಯೇ? "ಯಾವುದೂ ಅಲ್ಲಮ್ಮ. ಸುಮ್ನೆ ಇಳೀತೀನಿ."

"ಸುಮ್ನೆ ಇಳಿಯಾಕೆ ಬರಲ್ಲ. ಗ್ರಾಮ ಲೆಕ್ಕಿಗರ ಮುಂದೆ ಐದು ಜನ ಪಂಚರು ಮಹಜರು ಬರೆದುಕೊಡಬೇಕು, ನೀವು ಯಜಮಾನ ಅಲ್ಲ ಅಂತ. ಕಾರ್ಡು ಇಲ್ಲಿ ಬಿಟ್ಟುಹೋಗ್ರಿ." ಕಾರ್ಡನ್ನು ಎರಡೂ ಕಡೆ ತಿರುಗಿಸಿ, ಲ್ಯಾಮಿನೇಷನ್ನಿನ ಮೇಲೆ ಉಗುರಿನಿಂದ ಗೀರಿ ನೋಡಿದಳು. "ಇದ್ರ ಮೇಲೆ ಪೆನ್ನೂ ಕೂರಲ್ಲ. ತಿದ್ದಾಕೆ ನಾಲ್ಕೈದು ದಿನ ಆಗ್ತೈತೆ."

ಕಾರ್ಡಿನ ಬದಲಿಗೆ ಒಂದು ಸ್ವೀಕೃತಿ ಚೀಟಿ ಹಿಡಿದು ಹೊರಬಂದ ಓಬಳೇಶ ದಾರಿಯಲ್ಲಿ ಮೂರು ಸಲ ಒಳಜೇಬು ಮುಟ್ಟಿಕೊಂಡ.

ಶನಿವಾರ ಮಹಜರು. ಐದು ಮನೆಯ ಸಮಾಚಾರ ತಿಳಿದ ಮೇಲೆ ಐದು ಪಂಚರಿಗೆ ಬರವೆಲ್ಲಿ? ಇಪ್ಪತ್ತು ಜನ ಸೇರಿದ್ದರು. ಗ್ರಾಮ ಲೆಕ್ಕಿಗರು ಹುಡುಗು ಪ್ರಾಯದವರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಯಾವುದನ್ನೂ ವಿಚಾರಿಸದೆ ಬರೆಯುವವರಲ್ಲ.

"ಈ ಮನೆಯಲ್ಲಿ ಒಲೆ ಉರಿಯುತ್ತಾ?"

"ಇನ್‌ಸ್ಪೆಕ್ಟ್ರು ಬಂದ ದಿನ ಉರಿದೈತೆ ಸ್ವಾಮಿ," ಅಂದಳು ದುರುಗಕ್ಕ. ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ.

"ಹಾಗಾದರೆ ದಿನಾ ಊಟ ಹಾಕೋರು ಯಾರು?"

"ನಾನೇ."

ಲೆಕ್ಕಿಗರು ಪೆನ್ನು ಕೆಳಗಿಟ್ಟರು. "ಇದ್ದದ್ದನ್ನು ಇದ್ದಹಾಗೆ ಬರೆದರೆ ಯಜಮಾನಿ ನೀವೇ ಆಗ್ತೀರಿ."

"ಬ್ಯಾಡ ಸ್ವಾಮಿ, ಇಬ್ರದ್ದೇ ಸಾಕಾಗೈತೆ. ನೀವು ಆಕೀದೇ ಬರ್ಕಳ್ರಿ."

ಆಗ ಮಾರಯ್ಯ ಎದ್ದು ನಿಂತ. ಮಹಜರೆಂದರೆ ಏನೆಂದು ಅವನಿಗೆ ಆಗಷ್ಟೇ ತಿಳಿದಿತ್ತು. "ನಮ್ಮ ವಂಶದಾಗೆ ಹೊಲ ಹೋಗೈತೆ, ಕುರಿ ಹೋಗೈತೆ, ಯಜಮಾನಿಕೆ ಹೋಗಿದ್ದಿಲ್ಲ. ತಮ್ಮ ಯಜಮಾನ ಅಲ್ಲ ಅಂತ ಅಣ್ಣ ಹೆಬ್ಬೆಟ್ಟು ಒತ್ತಬೇಕಾ? ನಾನೊಲ್ಲೆ."

ಮಾರಯ್ಯ ಒತ್ತದಿದ್ದರೆ ಹಟ್ಟಿಯಲ್ಲಿ ಇನ್ನೊಬ್ಬ ಒತ್ತುವವನಿರಲಿಲ್ಲ.

ಕ್ಯಾತಣ್ಣ ಮಾರಯ್ಯನ ಕಿವಿಯ ಬಳಿ ಬಗ್ಗಿದ. ಅವನ ಪಿಸುಮಾತು ಸಾಧಾರಣವಾಗಿ ಎರಡು ಬೀದಿಗೆ ಕೇಳುತ್ತದೆ. "ಮಾರಣ್ಣ, ಅಲ್ಲಿ ಆಕಿ ಯಜಮಾನಿ ಅಂತ ಇಲ್ಲೂ ಒಪ್ಪಿದ್ರೇನೆ ಆ ನಾಲ್ಕನೇ ಮನೆ ನಮ್ಮ ಕೈಯಾಗಿರೋದು. ಇಲ್ಲಾಂದ್ರೆ ಸರ್ಕಾರಕ್ಕೆ ಹೋಗ್ತೈತೆ."

ಮಾರಯ್ಯ ಬೆಟ್ಟದ ದಿಕ್ಕಿಗೊಮ್ಮೆ ಕೈ ಮುಗಿದ. ಆಮೇಲೆ ಹೆಬ್ಬೆರಳು ಮುಂದೆ ಚಾಚಿದ. ಪಕ್ಕದ ಮನೆಯ ಮುದುಕ ತನ್ನ ಸರದಿ ಬಂದಾಗ, "ನಮ್ಮನೆಯಾಗೂ ಹಿಂಗೇ ಕಣ್ರಪ್ಪ, ಬರ್ದಿಲ್ಲ ಅಷ್ಟೆ," ಅಂದು ಒತ್ತಿದ.

ಲೆಕ್ಕಿಗರು ಓದಿ ಹೇಳಿದರು. 'ಕೆಳಗೆ ಸಹಿ ಮಾಡಿರುವ ಪಂಚರಾದ ನಾವು ಖುದ್ದಾಗಿ ನೋಡಿ ತಿಳಿದಿರುವಂತೆ, ಸದರಿ ಓಬಳೇಶ್ ಇವರು ಸದರಿ ಮನೆಯ ಯಜಮಾನರಲ್ಲವೆಂದೂ, ಹಿಂದೆಯೂ ಆಗಿರಲಿಲ್ಲವೆಂದೂ, ಮುಂದೆ ಆಗುವ ಲಕ್ಷಣಗಳು ಕಂಡುಬರುವುದಿಲ್ಲವೆಂದೂ, ಇವರ ಧರ್ಮಪತ್ನಿ ಶಾಂತಕುಮಾರಿಯವರೇ ಸದರಿ ಕುಟುಂಬದ ಯಜಮಾನರೆಂದೂ ಈ ಮೂಲಕ ದೃಢೀಕರಿಸುತ್ತೇವೆ.'

ಸೇರಿದವರೆಲ್ಲ ಚೆನ್ನಾಗಿ ಬಂದಿದೆ ಅಂದರು. ಓಬಳೇಶನೂ ತಲೆಯಾಡಿಸಿದ.

ಮರುದಿನ ಭಾನುವಾರ. ಅಮೆರಿಕದಿಂದ ಫೋನು ಬರುವುದು ಭಾನುವಾರ ಬೆಳಿಗ್ಗೆ, ಕ್ಯಾತಣ್ಣನ ಟೀ ಅಂಗಡಿಯ ಕಾಯಿನ್ ಡಬ್ಬಿಗೆ. ಮೊದಲು ಅತ್ತೆ ಪಾಪಕ್ಕ ಮಾತಾಡುವುದು ಪದ್ಧತಿ.

"ಏಮಪ್ಪಾ ಅಳಿಯಾ, ಬಾಗುನ್ನಾವಾ? ಕಾಗದ ಸಿಕ್ತಾ?"

"ಸಿಕ್ತು ಅತ್ತೆವ್ವ. ಅದ್ರಾಗೆ ನಾಲ್ಕನೇ ಮನೆ…"

"ಅದು ನಂದೇ ಕಣಪ್ಪಾ ಆ ಮನೆ. ನನ್ನಿಂದಾನೇ ಅದು ಸಿಕ್ಕಿರೋದು. ತಡಿ, ಶಾಂತಿಗೆ ಕೊಡ್ತೀನಿ."

ಓಬಳೇಶ ಗೋಡೆಯ ಕಡೆ ತಿರುಗಿದ. ಹಿಂದೆ ಅಂಗಡಿ ತುಂಬ ಜನ. ಸೋಸುತ್ತಿದ್ದ ಟೀ ಕೂಡ ನಿಂತಿತ್ತು. ವಾರವಿಡೀ ಯಾರಿಗೂ ಕೇಳದೆ ಉಳಿಸಿಕೊಂಡಿದ್ದ ಮಾತನ್ನು ಅವನು ಬಾಯಿಗೆ ಕೈ ಅಡ್ಡವಿಟ್ಟು ಕೇಳಿದ.

"ಆ ಕಾಗದದಾಗೆ ನಾನು ಎಲ್ಲಿದೀನಿ?"



"ಎಲ್ಲೂ ಇಲ್ಲ ರೀ," ಅಂದಳು ಶಾಂತಕುಮಾರಿ. "ನನಗೂ ಅದನ್ನ ತುಂಬುವಾಗ ಹಂಗೇ ಅನ್ನಿಸ್ತು. ಈ ದೇಶಕ್ಕೆ ಇನ್ನೂ ಕಾಲಿಡದ ಗಂಡನ್ನ ಇಲ್ಲಿನ ತೆರಿಗೆಯೋರು ಈ ಮನೆ ಲೆಕ್ಕಕ್ಕೆ ಹಿಡಿಯಲ್ಲ. ಅವ್ವ ನನ್ನ ಆಸರೆಯಾಗೆ ಅವ್ಳೆ, ಅವಳನ್ನ ಸಾಕೋಳು ನಾನು, ಅದಕ್ಕೆ ನಾಲ್ಕನೇ ಮನೆ. ಜಂಟಿ ಹಾಕಬೇಕು ಅಂದ್ರೆ ನಿಮಗೂ ಇಲ್ಲಿನ ನಂಬರು ಬೇಕು, ನಿಮ್ಮ ಸಹಿನೂ ಬೇಕು. ಇದ್ದದ್ದನ್ನ ಬರೆದೀನಿ, ಸುಳ್ಳು ಬರೆದಿಲ್ಲ."

"ಹೂಂ."

"ನೀವು ಬಂದ ವರ್ಷ ಎರಡನೇ ಮನೆ. ಇಬ್ರೂ ಸಹಿ ಹಾಕೋದು. ಬೇಗ ಬರ್ರಿ."

"ಎರಡನೇ ಮನೆಗೆ ನಾನಾ?" ಅಂದ ಓಬಳೇಶ, ಸಂತೋಷದಲ್ಲಿ ಕೈ ಅಡ್ಡವಿಡುವುದನ್ನು ಮರೆತು.

ಎರಡನೇ ಮನೆ ಓಬಳೇಶನ ಹೆಸರಿಗೆ ಆಯಿತೆಂಬ ಸುದ್ದಿ ಹನ್ನೊಂದರ ಬಸ್ಸಿಗೆ ಹಟ್ಟಿ ತಲುಪಿತು. ಮಾರಯ್ಯ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, ಒತ್ತಿದ್ದು ವ್ಯರ್ಥವಾಗಲಿಲ್ಲ ಅಂದುಕೊಂಡ.

ಇನ್ನು ತಿದ್ದಿಸುವುದೇ ಬೇಡವೆಂದು ಸೋಮವಾರ ಓಬಳೇಶ ಕಾರ್ಡು ವಾಪಸು ಪಡೆಯಲು ಓಡಿದ. ಸುಲೋಚನಮ್ಮ ತರಬೇತಿಗೆಂದು ಚಿತ್ರದುರ್ಗಕ್ಕೆ ಹೋಗಿದ್ದಳು, ವಾರ ಬಿಟ್ಟು ಬರುವುದಂತೆ, ಬೀರುವಿನ ಕೀಲಿ ಅವಳ ಬಳಿಯೇ. ಸಂದರ್ಶನ ಗುರುವಾರ. ಫೈಲಿನಲ್ಲಿ ಕಾರ್ಡಿನ ಜಾಗಕ್ಕೆ ಕಾಮಣ್ಣ ಸ್ವೀಕೃತಿ ಚೀಟಿಯನ್ನೂ ಮಹಜರಿನ ಪ್ರತಿಯನ್ನೂ ಸೇರಿಸಿ ಕಟ್ಟಿದ. "ಕಾರ್ಡು ಎಲ್ಲಿ ಅಂದ್ರೆ ಇದನ್ನ ಕೊಡು. ಬ್ಯಾರೆ ದಾರಿಯಿಲ್ಲ," ಅಂದ. ತೆರಿಗೆಯ ವಿಚಾರ ಶಾಂತಕುಮಾರಿ ಹೇಳಿದ್ದು ಕಿವಿಗೆ ಬಿದ್ದ ಮೇಲೆ ಅವನ ದನಿ ಸ್ವಲ್ಪ ಇಳಿದಿತ್ತು. ಬಸ್ಸು ಹತ್ತುವವರೆಗೂ ಜತೆಗಿದ್ದು, ಹತ್ತಿಸಿದ ಮೇಲೆ ಕಿಟಕಿಯಲ್ಲಿ, "ಜಾಸ್ತಿ ಮಾತಾಡಬ್ಯಾಡ," ಅಂದ.

ಮದ್ರಾಸಿನ ಆ ಕಚೇರಿಯಲ್ಲಿ ಸಾಹೇಬನಿರಲಿಲ್ಲ. ಗಾಜಿನ ಆಚೆ ಕುಳಿತಿದ್ದವಳು ಇಪ್ಪತ್ತೆಂಟರ ಒಬ್ಬ ಹೆಣ್ಣುಮಗಳು. ಕನ್ನಡದ ದುಭಾಷಿ ಆ ದಿನ ಇರಲಿಲ್ಲವಾಗಿ ತೆಲುಗಿನವನನ್ನು ಕೂರಿಸಿದರು. ಆಂಧ್ರದ ಗಡಿಯ ಮೊಳಕಾಲ್ಮೂರಿನ ಅಳಿಯನಿಗೆ ತೆಲುಗು ಏನು ಕಷ್ಟ? ಆದರೂ ಒಮ್ಮೆ ರಾಮೇಶ್ವರನನ್ನು ನೆನೆದ. ಶಾಂತಕುಮಾರಿ ಹೇಳಿಕೊಟ್ಟದ್ದೆಲ್ಲ ಆ ನೆನೆಯುವುದರೊಳಗೆ ಎಲ್ಲೋ ಜಾರಿಹೋಯಿತು.

"ಮದುವೆಯಾದ ವರ್ಷವೂ ನಿಮ್ಮ ಹೆಂಡತಿ ಮನೆ ಯಜಮಾನ ಅಂತ ತೆರಿಗೆ ಕಟ್ಟಿದ್ದಾರೆ. ಯಾಕೆ ಅಂತ ಗೊತ್ತೇ?" ದುಭಾಷಿ ಕೇಳಿದ.

"ಅತ್ತೆಗೆ ಅನ್ನ ಹಾಕೋಳು ಆಕೆ. ಅನ್ನ ಹಾಕೋರೇ ಯಜಮಾನರು," ಅಂದ ಓಬಳೇಶ. ಮತ್ತೆ ಯೋಚಿಸಿ ಸೇರಿಸಿದ. "ನಾನಿನ್ನೂ ಅಲ್ಲಿಗೆ ಹೋಗಿಲ್ಲವಲ್ಲ."

ಅಧಿಕಾರಿಣಿ ಏನನ್ನೋ ಬರೆದುಕೊಂಡಳು. ಅಮೆರಿಕದ ಕಾನೂನು ಎಷ್ಟು ಪುಟವಿದೆಯೋ ನಮಗೆ ತಿಳಿಯದು, ಆದರೆ ಅದು ಇಷ್ಟಕ್ಕೆ ಮುಗಿದಂತೆ ಕಂಡಿತು. ಆಮೇಲೆ ರೇಷನ್ ಕಾರ್ಡಿನ ಮೂಲಪ್ರತಿ ಕೇಳಿದಳು. ಓಬಳೇಶ ಚೀಟಿಯನ್ನೂ ಮಹಜರನ್ನೂ ಗಾಜಿನ ಕೆಳಗೆ ತೂರಿಸಿದ. ಅದನ್ನು ಓದಲು ಕನ್ನಡ ಬಲ್ಲ ಒಬ್ಬ ಹಿರಿಯ ಗುಮಾಸ್ತರನ್ನು ಒಳಗಿನಿಂದ ಕರೆಸಿದರು. ಅವರು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಹೇಳುತ್ತ ಬಂದು, 'ಮುಂದೆ ಆಗುವ ಲಕ್ಷಣಗಳು' ಎಂಬಲ್ಲಿ ನಿಂತು, ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಾಲನ್ನು ಅವಳು ಇನ್ನೊಮ್ಮೆ ಹೇಳಿಸಿದಳು.

"ಇದನ್ನ ಬರೆಸಿಕೊಂಡು ಬಾ ಅಂತ ನಿಮಗೆ ಯಾರು ಹೇಳಿದ್ದು?"

"ನಿಮ್ಮ ಕಡೆಯೋರು ಯಾರೂ ಹೇಳಿಲ್ಲಮ್ಮ. ಗಂಡ ಹೆಂಡ್ತಿ ಸರಿಯಾಗಿರುವಾಗ ಎರಡು ಕಾಗದ ಯಾಕೆ ಜಗಳ ಆಡಬೇಕು ಅಂತ."

ಗುಮಾಸ್ತರು ಅದನ್ನೂ ಇಂಗ್ಲಿಷಿಗೆ ಹೇಳಿದರು. ಸುಳ್ಳು ಮದುವೆ ಮಾಡಿಕೊಂಡವನು ತನ್ನನ್ನು ಇಷ್ಟು ಕೆಳಗಿಳಿಸಿಕೊಂಡು, ಅದಕ್ಕೆ ಐದು ಜನರ ಹೆಬ್ಬೆಟ್ಟು ಹಾಕಿಸಿಕೊಂಡು ಬರುವುದಿಲ್ಲವೆಂದು ಅವಳಿಗೆ ಅನ್ನಿಸಿತೋ ಏನೋ. ಮಹಜರನ್ನು ತನ್ನ ಫೈಲಿಗೆ ಸೇರಿಸಿಕೊಂಡಳು. ಪಾಸ್‌ಪೋರ್ಟು ಒಳಗಿಟ್ಟುಕೊಂಡು, ನಾಳೆ ಬಂದು ಒಯ್ಯಿರಿ ಅಂದಳು.

ವೀಸಾ ಬಂದ ಸುದ್ದಿಗೆ ಹಟ್ಟಿಯಲ್ಲಿ ದುರುಗಕ್ಕ ಹೋಳಿಗೆ ಮಾಡಿದಳು. ಮಾರಯ್ಯ ಎರಡನೇ ಮನೆಗೆ ಬಾಗಿಲು ಯಾವ ದಿಕ್ಕಿಗಿದೆಯೆಂದು ವಿಚಾರಿಸಿ ಬರೆಯುವಂತೆ ತಮ್ಮನಿಗೆ ಹೇಳಿದ. ಓಬಳೇಶ ಆಯಿತೆಂದ. ಆ ಸಂಗತಿಯಲ್ಲಿ ಅವನು ಈಗ ಜಗಳವಾಡುವುದನ್ನು ಬಿಟ್ಟಿದ್ದ.

ವಾರ ಕಳೆದು ಅವನು ಆಹಾರ ಶಾಖೆಗೆ ಹೋದಾಗ ಸರತಿ ಸಾಲು ಬಾಗಿಲ ಹೊರಗಿತ್ತು. ತನ್ನ ಸರದಿ ಬಂದಾಗ ಕಿಟಕಿಯೊಳಗೆ ಮುಖವಿಟ್ಟು ಹೇಳಿದ. "ತಿದ್ದೋದು ಬ್ಯಾಡಮ್ಮ. ನಾನು ಹೋಗ್ತಾ ಇದೀನಿ, ಹೆಂಡ್ತಿ ತಾವಕ್ಕೆ. ನನ್ನ ಕಾರ್ಡು ವಜಾ ಮಾಡ್ಕಳ್ರಿ."

ಸುಲೋಚನಮ್ಮ ಪಾಸ್‌ಪೋರ್ಟು ನೋಡಿದಳು. ಅದೇ ನಮೂನೆಯನ್ನು ತೆಗೆದು ಮುಂದಿಟ್ಟಳು. ಓಬಳೇಶ ಈ ಸಲ ತಡವರಿಸದೆ ವಲಸೆಯ ಮನೆಗೆ ಗುರುತು ಹಾಕಿ ಸಹಿ ಮಾಡಿದ. ಆಕೆ ದೊಡ್ಡ ರಿಜಿಸ್ಟರು ಎಳೆದು, ಅವನ ಹೆಸರಿನ ಎದುರಿಗೆ ಕೆಂಪು ಶಾಯಿಯಲ್ಲಿ 'ರದ್ದು' ಎಂದು ಬರೆದು, ತಾರೀಖು ಹಾಕಿದಳು. ರದ್ದಾದ ಕಾರ್ಡಿನ ಮೂಲೆ ಕತ್ತರಿಸಿ ಆಫೀಸಿನಲ್ಲೇ ಇಟ್ಟುಕೊಳ್ಳಬೇಕೆಂದು ನಿಯಮ. ಮೇಜಿನ ಮೇಲೆ ಕತ್ತರಿಯೂ ಇತ್ತು. ಆಕೆ ರಿಜಿಸ್ಟರಿನ ಹಾಳೆಗಳ ನಡುವಿನಿಂದ ಕಾರ್ಡನ್ನು ತೆಗೆದಳು. ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ, ಯಜಮಾನರ ಹೆಸರು ಇದ್ದಲ್ಲೇ ಇತ್ತು. ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಕಿಟಕಿಯ ಕೆಳಗಿನಿಂದ ಅವನ ಕೈಗೆ ಜಾರಿಸಿ, ಅವನ ಭುಜದಾಚೆ ನೋಡಿದಳು.

"ಮುಂದಿನವರು ಬರ್ರಿ."